ಇಡ್ಲಿ ತಟ್ಟೆಯ ಹಾಸು

ಇಡ್ಲಿ ತಟ್ಟೆಯ ಹಾಸು ಎಂದರೆ ಇಡ್ಲಿಯನ್ನು ಹಬೆಯಲ್ಲಿ ಬೇಯಿಸುವಾಗ ಹಿಟ್ಟು ತಟ್ಟೆಗೆ ಅಂಟದಂತೆ ಕುಳಿಗಳ ಮೇಲೆ ಹರಡುವ ಬಟ್ಟೆ, ಎಲೆ ಅಥವಾ ಹಾಳೆ. ಕರ್ನಾಟಕದಲ್ಲಿ ಈ ಕೆಲಸಕ್ಕೆ ತೆಳುವಾದ ಹತ್ತಿ ಬಟ್ಟೆಯನ್ನು ಬಳಸುವ ರೂಢಿಯಿದೆ. ಇದನ್ನು ಇಡ್ಲಿ ಬಟ್ಟೆ ಎಂದು ಕರೆಯುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಕೆಲವು ಹೋಟೆಲು ಹಾಗೂ ರಸ್ತೆ ಬದಿಯ ಅಂಗಡಿಗಳಲ್ಲಿ ಬಟ್ಟೆಯ ಬದಲು ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ಹಾಳೆ ಬಳಕೆಗೆ ಬಂದಿತು. 2025ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರವು ಇದರ ವಿರುದ್ಧ ಕ್ರಮ ಪ್ರಕಟಿಸಿದ ಬಳಿಕ ಈ ವಿಷಯವು ವ್ಯಾಪಕ ಚರ್ಚೆಗೆ ಒಳಗಾಯಿತು.

ಪಾತ್ರೆಗೆ ಒಳಹಾಸು ಹಾಕಿ ಬೇಯಿಸುವ ಪದ್ಧತಿ ಇಡ್ಲಿಗೆ ಮಾತ್ರ ಸೀಮಿತವಲ್ಲ. ಪಾಶ್ಚಾತ್ಯ ದೇಶಗಳಲ್ಲಿ ಸ್ಲೋ ಕುಕರ್ ಎಂಬ ವಿದ್ಯುತ್ ಪಾತ್ರೆಯೊಳಗೆ ಹಾಕುವ ನೈಲಾನ್ ಚೀಲಗಳೂ ಇದೇ ಬಗೆಯವು. ಪಾತ್ರೆ ತೊಳೆಯುವ ಶ್ರಮವನ್ನು ಉಳಿಸುವುದು ಎರಡರ ಉದ್ದೇಶವೂ ಆಗಿದೆ. ಬಿಸಿ ಆಹಾರಕ್ಕೆ ನೇರವಾಗಿ ತಾಗುವ ಪ್ಲಾಸ್ಟಿಕ್ಕಿನಿಂದ ಏನು ಬಿಡುಗಡೆಯಾಗುತ್ತದೆ ಎಂಬ ಪ್ರಶ್ನೆಯೂ ಎರಡಕ್ಕೂ ಸಮಾನವಾಗಿದೆ.

ಹಿನ್ನೆಲೆ

ಇಡ್ಲಿಯ ಹೆಸರು ಕನ್ನಡ ಸಾಹಿತ್ಯದಲ್ಲಿ ಬಹಳ ಹಿಂದಿನಿಂದ ಕಂಡುಬರುತ್ತದೆ. ಸುಮಾರು ಕ್ರಿ.ಶ. 920ರ ಕಾಲದ್ದೆಂದು ಹೇಳಲಾಗುವ 'ವಡ್ಡಾರಾಧನೆ'ಯಲ್ಲಿ 'ಇಡ್ಡಲಿಗೆ'ಯ ಉಲ್ಲೇಖವಿದೆ. ಸುಮಾರು 1025ರಲ್ಲಿ ಇಮ್ಮಡಿ ಚಾವುಂಡರಾಯನು ರಚಿಸಿದ 'ಲೋಕೋಪಕಾರ'ದಲ್ಲಿ ಉದ್ದಿನಬೇಳೆಯನ್ನು ಮಜ್ಜಿಗೆಯಲ್ಲಿ ನೆನೆಸಿ ರುಬ್ಬಿ ಮಾಡುವ ವಿಧಾನ ಬರುತ್ತದೆ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿಯೂ ಇದೇ ಹೆಸರಿನ ಸಂಸ್ಕೃತ ರೂಪವಿದೆ. ಅಕ್ಕಿಯನ್ನು ಸೇರಿಸಿ, ಹುದುಗು ಬರಿಸಿ, ಹಬೆಯಲ್ಲಿ ಬೇಯಿಸುವ ಇಂದಿನ ಇಡ್ಲಿ ಇದರ ನಂತರದ ರೂಪವಾಗಿದೆ.

ಹುದುಗು ಬಂದ ಅಕ್ಕಿ-ಉದ್ದಿನ ಹಿಟ್ಟು ಬೇಯುವಾಗ ಅದರಲ್ಲಿನ ಪಿಷ್ಟವು ನೀರನ್ನು ಹೀರಿ ಅಂಟಾಗುತ್ತದೆ. ತಟ್ಟೆಯ ಲೋಹಕ್ಕೆ ಈ ಅಂಟು ಹಿಡಿದುಕೊಂಡರೆ ಇಡ್ಲಿ ಮುರಿಯುತ್ತದೆ. ತಟ್ಟೆಯನ್ನು ಉಜ್ಜಿ ತೊಳೆಯುವುದೂ ಕಷ್ಟ. ಆದ್ದರಿಂದ ತಟ್ಟೆಗೆ ಎಣ್ಣೆ ಸವರುವುದು ಅಥವಾ ತಟ್ಟೆಗೂ ಹಿಟ್ಟಿಗೂ ನಡುವೆ ಒಂದು ಹಾಸನ್ನು ಹಾಕುವುದು ಅಗತ್ಯವಾಯಿತು.

ಬಟ್ಟೆಯ ಹಾಸು

ಇಡ್ಲಿ ಬಟ್ಟೆಗೆ ಬಿಳಿಯ, ಬಣ್ಣ ಹಾಕದ, ವಿರಳ ನೇಯ್ಗೆಯ ಹತ್ತಿ ಬಟ್ಟೆ ಸೂಕ್ತ. ಮನೆಗಳಲ್ಲಿ ಹಳೆಯ ಬಿಳಿ ಪಂಚೆಯ ತುಂಡನ್ನು ಈ ಕೆಲಸಕ್ಕೆ ಬಳಸುವುದುಂಟು. ಬಟ್ಟೆಯನ್ನು ನೀರಿನಲ್ಲಿ ಅದ್ದಿ ಹಿಂಡಿ, ಕುಳಿಗಳಿರುವ ತಟ್ಟೆಯ ಮೇಲೆ ಹರಡಿ, ಪ್ರತಿ ಕುಳಿಗೂ ಹಿಟ್ಟು ಹುಯ್ದು ಹಬೆಯಲ್ಲಿಡುತ್ತಾರೆ. ಹತ್ತು-ಹನ್ನೆರಡು ನಿಮಿಷಗಳಲ್ಲಿ ಇಡ್ಲಿ ಬೇಯುತ್ತದೆ. ನಂತರ ಬಟ್ಟೆಯನ್ನು ಇಡ್ಲಿಗಳ ಸಮೇತ ಮಗುಚಿ, ಹಿಂಬದಿಗೆ ತಣ್ಣೀರು ಚಿಮುಕಿಸಿ, ನಿಧಾನವಾಗಿ ಬಿಡಿಸಿದರೆ ಇಡ್ಲಿ ಮುರಿಯದೆ ಬಿಟ್ಟುಕೊಳ್ಳುತ್ತದೆ.

ಬಟ್ಟೆಯ ಮುಖ್ಯ ಗುಣವೆಂದರೆ ಅದರ ಎಳೆಗಳ ನಡುವಿನ ರಂಧ್ರಗಳು. ತಟ್ಟೆಯ ತೂತುಗಳಿಂದ ಮೇಲೇರುವ ಹಬೆಯು ಬಟ್ಟೆಯ ಮೂಲಕ ಹಾದು ಇಡ್ಲಿಯ ತಳವನ್ನು ತಲುಪುತ್ತದೆ. ಒದ್ದೆ ಬಟ್ಟೆಯ ನೀರಿನ ಪದರವೇ ಅಂಟುವಿಕೆಯನ್ನು ತಡೆಯುತ್ತದೆ. ಪ್ಲಾಸ್ಟಿಕ್ ಹಾಳೆಯು ಹಬೆಯನ್ನು ಒಳಬಿಡುವುದಿಲ್ಲ. ಆಗ ಶಾಖವು ಹಾಳೆಯ ಮೂಲಕ ಹರಿದು ಇಡ್ಲಿಯ ತಳವನ್ನು ಬೇಯಿಸಬೇಕಾಗುತ್ತದೆ.

ಬಟ್ಟೆಗೂ ಅದರದೇ ಆದ ತೊಂದರೆಗಳಿವೆ. ಎಳೆಗಳಲ್ಲಿ ಉಳಿದ ಹಿಟ್ಟು ಕೆಲವೇ ಗಂಟೆಗಳಲ್ಲಿ ಹುಳಿಯುತ್ತದೆ. ಚೆನ್ನಾಗಿ ತೊಳೆಯದೆ, ಒದ್ದೆಯಾಗಿಯೇ ಮಡಚಿಟ್ಟ ಬಟ್ಟೆಯಲ್ಲಿ ಸೂಕ್ಷ್ಮಜೀವಿಗಳೂ ಬೂಷ್ಟೂ ಬೆಳೆಯುತ್ತವೆ. ಆದ್ದರಿಂದ ಪ್ರತಿ ಬಳಕೆಯ ನಂತರ ಬಟ್ಟೆಯನ್ನು ತಣ್ಣೀರಿನಲ್ಲಿ ಜಾಲಿಸಿ, ಕುದಿಯುವ ನೀರಿನಲ್ಲಿ ಹಾಕಿ, ಬಿಸಿಲಿನಲ್ಲಿ ಪೂರ್ತಿ ಒಣಗಿಸಬೇಕು. ಮೊದಲೇ ಬಿಸಿನೀರು ಹಾಕಿದರೆ ಉಳಿದ ಹಿಟ್ಟು ಬೆಂದು ಎಳೆಗಳಿಗೆ ಹಿಡಿದುಕೊಳ್ಳುತ್ತದೆ. ಹೊಸ ಬಟ್ಟೆಯಲ್ಲಿ ಗಂಜಿಯ ಲೇಪ ಇರುವುದರಿಂದ ಮೊದಲ ಬಳಕೆಗೆ ಮುನ್ನ ಒಮ್ಮೆ ಕುದಿಸುವುದು ಅಗತ್ಯ. ಬಣ್ಣದ ಸೀರೆಯ ತುಂಡು, ಅಚ್ಚಿನ ಬಟ್ಟೆ ಮತ್ತು ನೈಲಾನ್ ಅಥವಾ ಪಾಲಿಯೆಸ್ಟರ್ ಮಿಶ್ರಿತ ಬಟ್ಟೆ ಈ ಕೆಲಸಕ್ಕೆ ತಕ್ಕುದಲ್ಲ.

ಎಲೆಯ ಹಾಸು

ಕರ್ನಾಟಕದ ಹಲವು ಭಾಗಗಳಲ್ಲಿ ಎಲೆಯೇ ಹಾಸೂ ಪಾತ್ರೆಯೂ ಆಗಿದೆ. ಕರಾವಳಿಯಲ್ಲಿ ಹಲಸಿನ ಎಲೆಗಳನ್ನು ಕಡ್ಡಿಯಿಂದ ಚುಚ್ಚಿ ಮಾಡಿದ ಕೊಟ್ಟೆಯಲ್ಲಿ ಕೊಟ್ಟೆ ಕಡುಬನ್ನೂ, ಕೇದಗೆಯ ಗರಿಯನ್ನು ಸುತ್ತಿ ಮಾಡಿದ ಕೊಳವೆಯಲ್ಲಿ ಮೂಡೆಯನ್ನೂ ಬೇಯಿಸುತ್ತಾರೆ. ಅರಿಶಿನದ ಎಲೆಯಲ್ಲಿ ಸಿಹಿ ಕಡುಬನ್ನು ಬೇಯಿಸುವ ಪದ್ಧತಿಯಿದೆ. ಬಯಲುಸೀಮೆಯಲ್ಲಿ ಬಾಳೆ ಎಲೆ ಮತ್ತು ಮುತ್ತುಗದ ಎಲೆ ಊಟಕ್ಕೆ ಬಳಕೆಯಲ್ಲಿವೆ. ದೊಡ್ಡ ತಟ್ಟೆ ಇಡ್ಲಿಗೆ ಬಾಳೆ ಎಲೆಯ ವೃತ್ತಾಕಾರದ ತುಂಡನ್ನು ಕತ್ತರಿಸಿ ಹಾಕಬಹುದು. ಎಲೆಯನ್ನು ಬೆಂಕಿಯ ಮೇಲೆ ಒಂದು ಕ್ಷಣ ಬಾಡಿಸಿದರೆ ಅದು ಮೃದುವಾಗಿ ಹರಿಯದೆ ತಟ್ಟೆಗೆ ಹೊಂದಿಕೊಳ್ಳುತ್ತದೆ.

ಪ್ಲಾಸ್ಟಿಕ್ ಹಾಳೆಯ ಬಳಕೆ

ಬೆಳಗಿನ ಹೊತ್ತು ಕೆಲವೇ ಗಂಟೆಗಳಲ್ಲಿ ನೂರಾರು ಇಡ್ಲಿ ಬೇಯಿಸಬೇಕಾದ ಅಂಗಡಿಗಳಲ್ಲಿ ಬಟ್ಟೆ ತೊಳೆದು ಒಣಗಿಸಲು ನೀರು, ಜಾಗ ಮತ್ತು ಕೆಲಸಗಾರರು ಬೇಕು. ತಳ್ಳುಗಾಡಿಯವರಿಗೆ ಈ ಮೂರೂ ಕಡಿಮೆ. ತೆಳು ಪಾಲಿಥೀನ್ ಹಾಳೆ ಅಗ್ಗವಾಗಿ ಸಿಗುತ್ತದೆ, ಇಡ್ಲಿ ನುಣುಪಾಗಿ ಎದ್ದುಬರುತ್ತದೆ, ಬಳಸಿದ ಮೇಲೆ ಬಿಸಾಡಿದರೆ ಕೆಲಸ ಮುಗಿಯುತ್ತದೆ. ಬಟ್ಟೆ ಕೊಳಕು, ಪ್ಲಾಸ್ಟಿಕ್ ಶುಚಿ ಎಂಬ ಗ್ರಾಹಕರ ಭಾವನೆಯೂ ಇದಕ್ಕೆ ನೆರವಾಯಿತು.

ಶಾಖ ಮತ್ತು ಪ್ಲಾಸ್ಟಿಕ್

ಪ್ಲಾಸ್ಟಿಕ್ ಎಂಬುದು ಒಂದೇ ವಸ್ತುವಲ್ಲ. ತೆಳು ಕವರುಗಳಿಗೆ ಬಳಸುವ ಕಡಿಮೆ ಸಾಂದ್ರತೆಯ ಪಾಲಿಥೀನ್ ಸುಮಾರು 105ರಿಂದ 115 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಹೆಚ್ಚು ಸಾಂದ್ರತೆಯ ಪಾಲಿಥೀನ್ ಸುಮಾರು 130, ಪಾಲಿಪ್ರೊಪಿಲೀನ್ ಸುಮಾರು 160 ಮತ್ತು ನೈಲಾನ್-6 ಸುಮಾರು 220 ಡಿಗ್ರಿಯಲ್ಲಿ ಕರಗುತ್ತವೆ. ಸಮುದ್ರಮಟ್ಟದಲ್ಲಿ ನೀರು 100 ಡಿಗ್ರಿಯಲ್ಲಿ ಕುದಿಯುತ್ತದೆ. ಸುಮಾರು 600 ಮೀಟರ್ ಎತ್ತರದಲ್ಲಿರುವ ದಾವಣಗೆರೆಯಲ್ಲಿ ಸುಮಾರು 98 ಡಿಗ್ರಿಯಲ್ಲೇ ಕುದಿಯುತ್ತದೆ. ಆದ್ದರಿಂದ ತೆರೆದ ಹಬೆಯಲ್ಲಿ ಪಾಲಿಥೀನ್ ಹಾಳೆ ಕರಗಿ ಹರಿಯುವುದಿಲ್ಲ. ಹಾಳೆಯ ಆಕಾರ ಕೆಡದಿರುವುದರಿಂದ ಅದು ಸುರಕ್ಷಿತವೆಂದು ಅನೇಕರು ಭಾವಿಸುತ್ತಾರೆ. ಈ ಭಾವನೆ ಸರಿಯಲ್ಲ. ಕರಗುವ ಮಟ್ಟ ತಲುಪುವ ಮೊದಲೇ ಪ್ಲಾಸ್ಟಿಕ್ ಮೃದುವಾಗುತ್ತದೆ. ಅದರೊಳಗಿನ ಸಣ್ಣ ಅಣುಗಳು ಆಹಾರಕ್ಕೆ ವಲಸೆ ಹೋಗುವ ವೇಗ ಶಾಖದೊಂದಿಗೆ ಏರುತ್ತದೆ. ತೂಕ ಇಟ್ಟ ಪ್ರೆಷರ್ ಕುಕರಿನಲ್ಲಿ ಶಾಖವು ಸುಮಾರು 120 ಡಿಗ್ರಿ ತಲುಪುವುದರಿಂದ ತೆಳು ಪಾಲಿಥೀನ್ ಅಲ್ಲಿ ಕರಗಿಯೇ ಹೋಗಬಹುದು.

ಪ್ಲಾಸ್ಟಿಕ್ ತಯಾರಿಕೆಯಲ್ಲಿ ಬಣ್ಣ, ಜಾರುಕಾರಕ, ಉತ್ಕರ್ಷಣ ನಿರೋಧಕ ಮುಂತಾದ ಸಂಯೋಜಕಗಳನ್ನು ಸೇರಿಸುತ್ತಾರೆ. ಸಾರ್ವಜನಿಕ ಚರ್ಚೆಯಲ್ಲಿ ಹೆಚ್ಚಾಗಿ ಕೇಳಿಬರುವ ಬಿಸ್ಫಿನಾಲ್-ಎ ಮುಖ್ಯವಾಗಿ ಪಾಲಿಕಾರ್ಬೊನೇಟ್ ಮತ್ತು ಡಬ್ಬಿಗಳ ಒಳಲೇಪಕ್ಕೆ ಸಂಬಂಧಿಸಿದ್ದು; ಥ್ಯಾಲೇಟುಗಳು ಮುಖ್ಯವಾಗಿ ಪಿ.ವಿ.ಸಿ.ಗೆ ಸಂಬಂಧಿಸಿದವು. ಶುದ್ಧ ಪಾಲಿಥೀನಿನಲ್ಲಿ ಇವೆರಡೂ ಅಗತ್ಯ ಘಟಕಗಳಲ್ಲ. ಆದರೆ ಮಾರುಕಟ್ಟೆಯಲ್ಲಿ ಸಿಗುವ ಗುರುತಿಲ್ಲದ ಹಾಳೆಯು ಯಾವ ಪ್ಲಾಸ್ಟಿಕ್ಕಿನಿಂದ, ಯಾವ ಹಳೆಯ ವಸ್ತುವನ್ನು ಕರಗಿಸಿ ಮಾಡಿದ್ದು ಎಂಬುದನ್ನು ಅಂಗಡಿಯವನಾಗಲಿ ತಿನ್ನುವವನಾಗಲಿ ನೋಡಿ ತಿಳಿಯಲಾರನು. ಅಪಾಯದ ಮೂಲ ಇದೇ.

'ಆಹಾರ ದರ್ಜೆ' ಎಂಬ ಮಾತನ್ನೂ ಎಚ್ಚರದಿಂದ ಅರ್ಥಮಾಡಿಕೊಳ್ಳಬೇಕು. ಭಾರತದ 2018ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ (ಪೊಟ್ಟಣೀಕರಣ) ನಿಯಮಗಳ ಪ್ರಕಾರ ಪ್ಲಾಸ್ಟಿಕ್ಕಿನಿಂದ ಆಹಾರಕ್ಕೆ ಒಟ್ಟು ವಲಸೆಯ ಮಿತಿ ಪ್ರತಿ ಕಿಲೋಗ್ರಾಂಗೆ 60 ಮಿಲಿಗ್ರಾಂ ಅಥವಾ ಪ್ರತಿ ಚದರ ಡೆಸಿಮೀಟರಿಗೆ 10 ಮಿಲಿಗ್ರಾಂ. ಈ ಪರೀಕ್ಷೆಯನ್ನು ನಿರ್ದಿಷ್ಟ ಶಾಖ ಮತ್ತು ನಿರ್ದಿಷ್ಟ ಅವಧಿಗೆ ನಡೆಸಲಾಗುತ್ತದೆ. ತಣ್ಣನೆಯ ಬೇಳೆಕಾಳು ತುಂಬಲು ತಕ್ಕುದೆಂದು ಪರೀಕ್ಷಿಸಿದ ಚೀಲವು ಹಬೆಯಲ್ಲಿ ಬೇಯಿಸಲು ತಕ್ಕುದೆಂದು ಅದರಿಂದ ಸಿದ್ಧವಾಗುವುದಿಲ್ಲ.

ಸಂಶೋಧನೆಗಳು

2020ರಲ್ಲಿ ಖರಗ್‌ಪುರದ ಭಾರತೀಯ ತಂತ್ರಜ್ಞಾನ ಸಂಸ್ಥೆಯ ಸಂಶೋಧಕರು ಒಳಗೆ ಪ್ಲಾಸ್ಟಿಕ್ ಪದರವಿರುವ ಕಾಗದದ ಲೋಟಗಳನ್ನು ಪರೀಕ್ಷಿಸಿದರು. 85ರಿಂದ 90 ಡಿಗ್ರಿ ಶಾಖದ 100 ಮಿಲಿಲೀಟರ್ ನೀರನ್ನು 15 ನಿಮಿಷ ಇಟ್ಟಾಗ ಸುಮಾರು 25,000 ಮೈಕ್ರೋಪ್ಲಾಸ್ಟಿಕ್ ಕಣಗಳು ನೀರಿಗೆ ಸೇರಿದುದನ್ನು ಅವರು ಕಂಡರು.

2022ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆಯ ಸಂಶೋಧಕರು ಇಂಥ ಲೋಟಗಳ ಜೊತೆಗೆ ಅಡುಗೆಗೆ ಬಳಸುವ ಆಹಾರ ದರ್ಜೆಯ ನೈಲಾನ್ ಹಾಸುಗಳನ್ನೂ ಪರೀಕ್ಷಿಸಿದರು. ಬಿಸಿನೀರಿನ ಪ್ರತಿ ಲೀಟರಿಗೆ ಲಕ್ಷ ಕೋಟಿಗಳ ಲೆಕ್ಕದಲ್ಲಿ ಅತಿಸೂಕ್ಷ್ಮ ಕಣಗಳು ಬಿಡುಗಡೆಯಾಗಿದ್ದವು; ನೈಲಾನಿನಿಂದ ಬಂದ ಕಣಗಳ ಸಂಖ್ಯೆ ಲೋಟಗಳದಕ್ಕಿಂತ ಸುಮಾರು ಏಳು ಪಟ್ಟು ಹೆಚ್ಚಿತ್ತು. ಕಣಗಳು ಅತ್ಯಂತ ಸಣ್ಣವಾದುದರಿಂದ ಅವುಗಳ ಒಟ್ಟು ತೂಕವು ಅಮೆರಿಕದ ನಿಯಂತ್ರಣ ಮಿತಿಯೊಳಗೇ ಇತ್ತು. ಕಣಗಳು ಬಿಡುಗಡೆಯಾಗುತ್ತವೆ ಎಂಬುದನ್ನು ಈ ಅಧ್ಯಯನಗಳು ತೋರಿಸಿವೆ. ಅವುಗಳಿಂದ ಇಂಥ ರೋಗ ಬರುತ್ತದೆ ಎಂದು ಸಾಧಿಸುವುದು ಅವುಗಳ ಉದ್ದೇಶವಾಗಿರಲಿಲ್ಲ.

ಕರ್ನಾಟಕದಲ್ಲಿ ಕ್ರಮ

2025ರ ಫೆಬ್ರುವರಿ ಕೊನೆಯಲ್ಲಿ ರಾಜ್ಯದ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರು ಇಡ್ಲಿ ತಯಾರಿಕೆಯಲ್ಲಿ ಪ್ಲಾಸ್ಟಿಕ್ ಬಳಕೆಯನ್ನು ನಿಷೇಧಿಸುವುದಾಗಿ ಪ್ರಕಟಿಸಿದರು. ಆಹಾರ ಸುರಕ್ಷತಾ ಇಲಾಖೆಯು ರಾಜ್ಯದ 250ಕ್ಕೂ ಹೆಚ್ಚು ಕಡೆಗಳಲ್ಲಿ ತಪಾಸಣೆ ನಡೆಸಿ, 50ಕ್ಕೂ ಹೆಚ್ಚು ಕಡೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಬಳಸುತ್ತಿದ್ದುದನ್ನು ಗುರುತಿಸಿತ್ತು. ಬಿಸಿಯಾದ ಪ್ಲಾಸ್ಟಿಕ್ಕಿನಿಂದ ಕ್ಯಾನ್ಸರಿಗೆ ಕಾರಣವಾಗಬಹುದಾದ ಅಂಶಗಳು ಇಡ್ಲಿಗೆ ಸೇರುವ ಸಾಧ್ಯತೆಯಿದೆ ಎಂಬುದು ಇಲಾಖೆಯ ಆತಂಕವಾಗಿತ್ತು. ಇದಕ್ಕೂ ಒಂದು ವರ್ಷ ಮೊದಲು, 2024ರ ಮಾರ್ಚಿನಲ್ಲಿ, ಗೋಬಿ ಮಂಚೂರಿ ಮತ್ತು ಬೊಂಬಾಯಿ ಮಿಠಾಯಿಯಲ್ಲಿ ಕೃತಕ ಬಣ್ಣಗಳ ಬಳಕೆಯನ್ನು ಇದೇ ಇಲಾಖೆ ನಿಷೇಧಿಸಿತ್ತು.

ಪ್ಲಾಸ್ಟಿಕ್ ಕುರಿತ ಹಿಂದಿನ ನಿಯಮಗಳೂ ಇಲ್ಲಿ ಪ್ರಸ್ತುತ. 2016ರ ಮಾರ್ಚ್ 11ರ ಅಧಿಸೂಚನೆಯ ಮೂಲಕ ಕರ್ನಾಟಕ ಸರ್ಕಾರವು ಕೈಚೀಲ, ತಟ್ಟೆ, ಲೋಟ, ಚಮಚಗಳ ಜೊತೆಗೆ ಊಟದ ಮೇಜಿನ ಮೇಲೆ ಹಾಸುವ ಪ್ಲಾಸ್ಟಿಕ್ ಹಾಳೆಯನ್ನೂ ದಪ್ಪವೆಷ್ಟೇ ಇರಲಿ ನಿಷೇಧಿಸಿತು. 2022ರ ಜುಲೈ 1ರಿಂದ ದೇಶಾದ್ಯಂತ ಜಾರಿಗೆ ಬಂದ ಏಕಬಳಕೆಯ ಪ್ಲಾಸ್ಟಿಕ್ ನಿಷೇಧದ ಪಟ್ಟಿಯಲ್ಲಿ ತಟ್ಟೆ, ಲೋಟ, ಚಮಚ, ಹೀರುಕೊಳವೆ ಮುಂತಾದವುಗಳ ಹೆಸರಿದೆ. ಬೇಯಿಸುವ ಪಾತ್ರೆಯೊಳಗಿನ ಹಾಸಿನ ಹೆಸರು ಪ್ರತ್ಯೇಕವಾಗಿಲ್ಲ. ಆದರೆ ಅಸುರಕ್ಷಿತ ಆಹಾರದ ತಯಾರಿಕೆ ಮತ್ತು ಮಾರಾಟವು 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಡಿ ಅಪರಾಧವಾಗಿದೆ.

ದಾವಣಗೆರೆ ಮತ್ತು ಹರಿಹರ

ದಾವಣಗೆರೆ ಮತ್ತು ಅದಕ್ಕೆ ಸುಮಾರು 14 ಕಿಲೋಮೀಟರ್ ದೂರದ ಹರಿಹರ ಮೊದಲು ಚಿತ್ರದುರ್ಗ ಜಿಲ್ಲೆಯಲ್ಲಿದ್ದವು. 1997ರಲ್ಲಿ ದಾವಣಗೆರೆ ಪ್ರತ್ಯೇಕ ಜಿಲ್ಲೆಯಾಯಿತು. ಹತ್ತಿಯ ವ್ಯಾಪಾರ ಮತ್ತು ಬಟ್ಟೆ ಗಿರಣಿಗಳಿಂದಾಗಿ ದಾವಣಗೆರೆಯನ್ನು ಹಿಂದೆ 'ಕರ್ನಾಟಕದ ಮ್ಯಾಂಚೆಸ್ಟರ್' ಎಂದು ಕರೆಯುತ್ತಿದ್ದರು. ಹರಿಹರದ ಎದುರಿಗೆ ತುಂಗಭದ್ರೆಯ ಆಚೆ ದಡದಲ್ಲಿರುವ ಕುಮಾರಪಟ್ಟಣದಲ್ಲಿ ಮರದ ತಿರುಳಿನಿಂದ ವಿಸ್ಕೋಸ್ ನಾರು ತಯಾರಿಸುವ ಕಾರ್ಖಾನೆಯಿದೆ. ಹತ್ತಿಯಂತೆ ವಿಸ್ಕೋಸ್ ಕೂಡ ಮೂಲತಃ ಸೆಲ್ಯುಲೋಸ್. ಪೆಟ್ರೋಲಿಯಂ ಮೂಲದ ಪಾಲಿಥೀನಿನಂತೆ ಅದು ಶತಮಾನಗಳ ಕಾಲ ಮಣ್ಣಿನಲ್ಲಿ ಉಳಿಯುವುದಿಲ್ಲ. ಆದರೂ ರಾಸಾಯನಿಕ ಸಂಸ್ಕರಣೆಗೆ ಒಳಗಾದ ನಾರಿಗಿಂತ ಬಣ್ಣ ಹಾಕದ ಹತ್ತಿ ಬಟ್ಟೆಯೇ ಅಡುಗೆಗೆ ಲೇಸು.

ದಾವಣಗೆರೆ ಬೆಣ್ಣೆ ದೋಸೆ, ಮಂಡಕ್ಕಿ ಮತ್ತು ಮೆಣಸಿನಕಾಯಿಗೆ ಹೆಸರಾಗಿದೆ. ದೋಸೆಗೆ ಯಾವ ಹಾಸೂ ಬೇಡ: ಪಳಗಿದ ಕಾವಲಿಯ ಮೇಲಿನ ಎಣ್ಣೆಯ ಪದರವೇ ಹಾಸಿನ ಕೆಲಸ ಮಾಡುತ್ತದೆ. ಇಡ್ಲಿಯಲ್ಲಿ ಮಾತ್ರ ಈ ಪ್ರಶ್ನೆ ಏಳುತ್ತದೆ. 1951ರಲ್ಲಿ ಆರಂಭವಾದ ಬಿ.ಡಿ.ಟಿ. ಇಂಜಿನಿಯರಿಂಗ್ ಕಾಲೇಜು, 1965ರಲ್ಲಿ ಆರಂಭವಾದ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಮತ್ತಿತರ ಸಂಸ್ಥೆಗಳಿಂದಾಗಿ ದಾವಣಗೆರೆಯಲ್ಲಿ ಹೊರ ಊರುಗಳ ವಿದ್ಯಾರ್ಥಿಗಳು ಹೆಚ್ಚು. ಹಾಸ್ಟೆಲು, ಮೆಸ್ಸು ಹಾಗೂ ಬೆಳಗಿನ ಇಡ್ಲಿ ಗಾಡಿಗಳ ಮೇಲೆ ಅವಲಂಬಿಸಿರುವವರಿಗೆ ಇದು ನಿತ್ಯದ ಆಹಾರದ ಪ್ರಶ್ನೆಯಾಗಿದೆ. ಎಂದೋ ಒಮ್ಮೆ ತಿನ್ನುವವನಿಗಿಂತ ನಿತ್ಯವೂ ತಿನ್ನುವವನ ದೇಹಕ್ಕೆ ಸೇರುವ ಪ್ರಮಾಣ ಹೆಚ್ಚು.

ಬಿಸಾಡಿದ ಹಾಳೆಯ ಪ್ರಶ್ನೆಯೂ ಇದೆ. ಹಿಟ್ಟು ಮೆತ್ತಿದ ತೆಳು ಹಾಳೆಯನ್ನು ಮರುಬಳಕೆಗೆ ಕೊಳ್ಳುವವರು ಇರುವುದಿಲ್ಲ. ಅನ್ನದ ವಾಸನೆಯಿರುವ ಪ್ಲಾಸ್ಟಿಕ್ಕನ್ನು ಬೀದಿಯ ದನಗಳು ತಿನ್ನುತ್ತವೆ. ಅದು ಹೊಟ್ಟೆಯಲ್ಲಿ ಉಂಡೆಗಟ್ಟಿ ದನಗಳ ಸಾವಿಗೆ ಕಾರಣವಾಗುತ್ತದೆ. ಚರಂಡಿ ಸೇರಿದ ಹಾಳೆ ಮಳೆಗಾಲದಲ್ಲಿ ನೀರಿನ ಹರಿವನ್ನು ತಡೆಯುತ್ತದೆ, ಕೊನೆಗೆ ಹಳ್ಳ-ನದಿ ಸೇರುತ್ತದೆ. ಹರಿಹರವು ತುಂಗಭದ್ರೆಯ ದಡದಲ್ಲಿದೆ. ದಾವಣಗೆರೆ ನಗರಕ್ಕೂ ಹರಿಹರ ತಾಲ್ಲೂಕಿನ ರಾಜನಹಳ್ಳಿಯ ಬಳಿ ಇದೇ ನದಿಯಿಂದ ಕುಡಿಯುವ ನೀರನ್ನು ಎತ್ತಲಾಗುತ್ತದೆ. ಹೀಗಾಗಿ ಅಡುಗೆಮನೆಯಿಂದ ಹೊರಬಿದ್ದ ಪ್ಲಾಸ್ಟಿಕ್ ಕುಡಿಯುವ ನೀರಿನ ಮೂಲಕ್ಕೂ ಸಂಬಂಧಿಸಿದ ವಿಷಯವಾಗುತ್ತದೆ.

ಸ್ಲೋ ಕುಕರ್ ಹಾಸು

ಸ್ಲೋ ಕುಕರ್ ಎಂಬುದು ಪಿಂಗಾಣಿಯ ಒಳಪಾತ್ರೆಯನ್ನು ಸುತ್ತಲಿನ ವಿದ್ಯುತ್ ಶಾಖದಿಂದ ಹಲವು ಗಂಟೆಗಳ ಕಾಲ ಹದವಾಗಿ ಕಾಯಿಸುವ ಸಾಧನ. ಅಮೆರಿಕದ ಇರ್ವಿಂಗ್ ನ್ಯಾಕ್ಸನ್ 1940ರಲ್ಲಿ ಇಂಥ ಪಾತ್ರೆಗೆ ಪೇಟೆಂಟ್ ಪಡೆದರು. 1970ರ ದಶಕದ ಆರಂಭದಲ್ಲಿ 'ಕ್ರಾಕ್-ಪಾಟ್' ಎಂಬ ಹೆಸರಿನಲ್ಲಿ ಅದು ಜನಪ್ರಿಯವಾಯಿತು. ಉತ್ತರ ಕರ್ನಾಟಕದಲ್ಲಿ ಕುಳ್ಳಿನ ಕೆಂಡದ ಮೇಲೆ ಮಣ್ಣಿನ ಗಡಿಗೆಯಲ್ಲಿ ದಿನವಿಡೀ ಹಾಲು ಕಾಯಿಸಿ ಕೆಂಪು ಕೆನೆ ಬರಿಸುವುದು ಇದೇ ತತ್ತ್ವದ ಹಳೆಯ ರೂಪ.

ಹಲವು ಗಂಟೆ ಬೆಂದ ಆಹಾರವು ಪಿಂಗಾಣಿಯ ಅಂಚಿಗೆ ಒಣಗಿ ಹಿಡಿಯುವುದರಿಂದ ಬಿಸಾಡುವ ನೈಲಾನ್ ಚೀಲಗಳು ಬಳಕೆಗೆ ಬಂದವು. ಇವು ಸುಮಾರು 200 ಡಿಗ್ರಿಯವರೆಗೆ ತಾಳುತ್ತವೆ. ಸ್ಲೋ ಕುಕರಿನ ಶಾಖ ನೀರಿನ ಕುದಿಮಟ್ಟವನ್ನು ದಾಟುವುದಿಲ್ಲವಾದ್ದರಿಂದ ಚೀಲ ಕರಗುವುದಿಲ್ಲ. ಬಳಸುವವರು ಚೀಲದ ಬಾಯನ್ನು ಪಾತ್ರೆಯ ಅಂಚಿನ ಹೊರಕ್ಕೆ ಮಡಚಬೇಕು, ಆಹಾರ ತುಂಬಿದ ಚೀಲವನ್ನು ಎತ್ತದೆ ಸೌಟಿನಿಂದಲೇ ಬಡಿಸಬೇಕು, ಒಮ್ಮೆ ಬಳಸಿದ್ದನ್ನು ಮತ್ತೆ ಬಳಸಬಾರದು. ಸಾಮಾನ್ಯ ಪಾಲಿಥೀನ್ ಚೀಲವನ್ನು ಇದರ ಬದಲಿಗೆ ಎಂದೂ ಹಾಕಬಾರದು.

ಚೀಲವಿಲ್ಲದೆಯೂ ಈ ಪಾತ್ರೆಯನ್ನು ಸುಲಭವಾಗಿ ತೊಳೆಯಬಹುದು. ಬೇಯಿಸುವ ಮೊದಲು ಒಳಬದಿಗೆ ಎಣ್ಣೆ ಸವರಬೇಕು. ಬಡಿಸಿದ ನಂತರ ಪಾತ್ರೆಗೆ ಬೆಚ್ಚನೆಯ ನೀರು ತುಂಬಿ ಒಂದು ಗಂಟೆ ಬಿಡಬೇಕು. ಬಿಸಿ ಪಿಂಗಾಣಿಗೆ ತಣ್ಣೀರು ಹುಯ್ದರೆ ಅದು ಸೀಳುತ್ತದೆ. ಹಾಸು ಇರಲಿ ಇಲ್ಲದಿರಲಿ, ರಾಜ್ಮಾ ಕಾಳನ್ನು ನೆನೆಸಿ ಬೇರೆ ಪಾತ್ರೆಯಲ್ಲಿ ಚೆನ್ನಾಗಿ ಕುದಿಸಿದ ಮೇಲೆಯೇ ಸ್ಲೋ ಕುಕರಿಗೆ ಹಾಕಬೇಕು. ಅದರಲ್ಲಿನ ಲೆಕ್ಟಿನ್ ಎಂಬ ವಿಷಾಂಶವು ಹದ ಶಾಖದಲ್ಲಿ ನಾಶವಾಗುವುದಿಲ್ಲ.

ಪರ್ಯಾಯಗಳು

ಇಡ್ಲಿಗೆ ಪ್ಲಾಸ್ಟಿಕ್ಕಿಲ್ಲದ ಹಲವು ದಾರಿಗಳಿವೆ. ಸ್ಟೀಲ್ ತಟ್ಟೆಗೆ ಎಣ್ಣೆ ಅಥವಾ ತುಪ್ಪ ಸವರಿ ಹಿಟ್ಟು ಹುಯ್ಯುವುದು ಎಲ್ಲಕ್ಕಿಂತ ಸರಳ. ಬೆಂದ ತಟ್ಟೆಯನ್ನು ಎರಡು-ಮೂರು ನಿಮಿಷ ಆರಲು ಬಿಟ್ಟು, ಒದ್ದೆ ಚಮಚದಿಂದ ಅಂಚನ್ನು ಬಿಡಿಸಿದರೆ ಇಡ್ಲಿ ಮುರಿಯುವುದಿಲ್ಲ. ಹೋಟೆಲುಗಳು ಮೂರು ಜೊತೆ ಬಟ್ಟೆ ಇಟ್ಟುಕೊಂಡರೆ ಒಂದು ಬಳಕೆಯಲ್ಲಿ, ಒಂದು ಕುದಿಯುವ ನೀರಿನಲ್ಲಿ, ಒಂದು ಬಿಸಿಲಿನಲ್ಲಿ ಇರುವಂತೆ ಸರದಿ ಮಾಡಬಹುದು. ಬಾಳೆ ಎಲೆಯ ತುಂಡು ತೊಳೆಯುವ ಶ್ರಮವನ್ನೂ ಉಳಿಸುತ್ತದೆ, ಬಿಸಾಡಿದರೆ ಗೊಬ್ಬರವೂ ಆಗುತ್ತದೆ.

ಗ್ರಾಹಕರು ಗಮನಿಸಬೇಕಾದ ಅಂಶಗಳು

ಬಟ್ಟೆಯಲ್ಲಿ ಬೆಂದ ಇಡ್ಲಿಯ ತಳದಲ್ಲಿ ನೇಯ್ಗೆಯ ಸೂಕ್ಷ್ಮ ಗುರುತು ಕಾಣುತ್ತದೆ. ತಳವು ಗಾಜಿನಂತೆ ನುಣುಪಾಗಿ, ಸಣ್ಣ ಸುಕ್ಕುಗೆರೆಗಳಿಂದ ಕೂಡಿದ್ದರೆ ಹಾಳೆ ಬಳಸಿರುವ ಸಂಭವವಿದೆ. ಎಣ್ಣೆ ಸವರಿದ ತಟ್ಟೆಯ ಇಡ್ಲಿಯೂ ನುಣುಪಾಗಿರುವುದರಿಂದ ಇದೊಂದನ್ನೇ ಸಾಕ್ಷಿಯಾಗಿ ಹಿಡಿಯಲಾಗದು. ತಟ್ಟೆ ತೆಗೆಯುವಾಗ ನೋಡುವುದು ಅಥವಾ ಅಂಗಡಿಯವರನ್ನೇ ಕೇಳುವುದು ಉತ್ತಮ. ಬಿಸಿ ಸಾಂಬಾರು, ಚಟ್ನಿ, ಚಹಾವನ್ನು ತೆಳು ಕವರಿನಲ್ಲಿ ಕಟ್ಟಿಸಿಕೊಂಡರೂ ಬಿಸಿ ಆಹಾರ ಪ್ಲಾಸ್ಟಿಕ್ಕಿಗೆ ತಾಗುತ್ತದೆ. ಮನೆಯಿಂದ ಸ್ಟೀಲ್ ಡಬ್ಬಿ ಒಯ್ಯುವುದರಿಂದ ಇದನ್ನು ತಪ್ಪಿಸಬಹುದು. ಅಂಗಡಿಯಲ್ಲಿ ಹಾಳೆಯ ಬಳಕೆ ಕಂಡುಬಂದರೆ ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗಳಿಗೆ ದೂರು ನೀಡಲು ಅವಕಾಶವಿದೆ.